ವಾಸಿಲ್ ಹೂಡಾಕನ ಗುನುಗು

ವಾಸಿಲ್ ಹೂಡಾಕ್ ಕಳಿಸಿದ ಮೊದಲ ಹಾಡು ತೀರಾ ಚೊಕ್ಕಟವಾಗಿತ್ತು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ.

ಅನುಮಾನ ಪಡುವುದು ನನ್ನ ಕಸುಬೇ ಆಗಿತ್ತು. ಗ್ಯಾಸ್ ಕಂಪನಿಗೆ ಮೀಟರ್ ಓದುತ್ತ ತಲೆ ಬೆಳ್ಳಗಾಗುವವರೆಗೆ ಮನೆ ಮನೆ ಸುತ್ತಿದವನು ನಾನು. ಮೊನೊಂಗಹೇಲಾ ನದಿಯ ಈ ದಂಡೆಯ ಗುಡ್ಡದಲ್ಲಿ ನಾನು ಇಳಿಯದ ನೆಲಮಾಳಿಗೆ ಇಲ್ಲ. ಜನ ಮೇಲಿನ ಕೋಣೆಯಲ್ಲಿ ಲೇಸಿನ ಪರದೆ, ಸಂತರ ಪಟ ತೂಗುಹಾಕಿಕೊಂಡಿರುತ್ತಾರೆ; ಅವರ ನಿಜವಾದ ಸಂಸಾರ ಕೆಳಗಿರುತ್ತದೆ. ಹೆಂಡತಿಗೆ ಹೇಳದೆ ಕೊಂಡ ಬಂದೂಕು, ಡಾಕ್ಟರಿಗೆ ಹೇಳದೆ ಕುಡಿಯುವ ವಿಸ್ಕಿ, ಮೀಟರನ್ನು ತಪ್ಪಿಸಿ ಒಲೆಗೆ ಹೋಗುವ ಕಳ್ಳ ಕೊಳವೆ, ಎಲ್ಲವನ್ನೂ ನೋಡಿದ್ದೇನೆ. ಕೇಳುವ ಮೊದಲೇ ಯಾರಾದರೂ ಬಾಗಿಲಲ್ಲಿ ನಿಂತು ಎಲ್ಲ ಸರಿಯಾಗಿದೆ ಅಂದರೆ ನನ್ನ ಮೂಗು ಚುರುಕಾಗುತ್ತಿತ್ತು. ನಿವೃತ್ತನಾದ ಮೇಲೂ ಆ ಚಾಳಿ ಹೋಗಿಲ್ಲ. ಸೂಪು ಬಡಿಸಿದರೂ ಒಮ್ಮೆ ಮೂಸಿ ನೋಡುತ್ತೇನೆಂದು ನನ್ನ ಹೆಂಡತಿಯ ದೂರು.

ನಮ್ಮದು ಮದುವೆ ಬ್ಯಾಂಡು. ಊರಿನ ಅಗ್ನಿಶಾಮಕದವರ ಫೈರ್ ಹಾಲಿನಲ್ಲಿ, ಕುಕಿಗಳ ಮೇಜು ಒಂದು ಗೋಡೆಗೆ, ಬಿಯರ್ ಪೀಪಾಯಿ ಇನ್ನೊಂದು ಗೋಡೆಗೆ, ನಡುವೆ ನಾವು. ಹಾಡುವವನೂ ಅಕಾರ್ಡಿಯನ್ ನುಡಿಸುವವನೂ ಯಜಮಾನಿಕೆ ಮಾಡುವವನೂ ಚೆಟ್ ಲೆಸ್ಕೊ. ಬೇಸ್ ಗಿಟಾರಿಗೆ ಅವನ ಬಾಮೈದ. ಆ ಮನುಷ್ಯ ಬಾಯಿ ಬಿಡುವುದು ಊಟಕ್ಕೆ ಮಾತ್ರ. ಡ್ರಮ್ಮಿಗೆ ನಾನು. ಸ್ಟಾನ್ಲಿ ಅಂತ ಹೆಸರಿಟ್ಟರೂ ಊರೆಲ್ಲ ಕರೆಯುವುದು ಸ್ಟುಶ್ ಎಂದೇ. ಗಿಟಾರಿಗೆ ವಾಸಿಲ್. ಹುಡುಗರಾಗಿದ್ದಾಗ ಸೇರಿದವರು ನಾವು, ಈಗ ನಾಲ್ವರಿಗೂ ಮೊಣಕಾಲು ನೋವು.

ವಾಸಿಲ್ ಅಪ್ಪನ ಹಾಗೆ ಉಕ್ಕಿನ ಕಾರ್ಖಾನೆಯ ಕೋಕ್ ಕುಲುಮೆಗೆ ಸೇರಿದವನು. ಅರ್ಧ ಕಾರ್ಖಾನೆ ಮುಚ್ಚಿದಾಗ ಹೊರಬಿದ್ದು, ಮುಂದೆ ಶಾಲೆಯ ಬಾಯ್ಲರ್ ನೋಡಿಕೊಂಡು ಕಾಲ ಕಳೆದ. ಉದ್ದನೆಯ ಆಳು, ಮಾತು ಕಡಿಮೆ, ಹಟ ಜಾಸ್ತಿ. ಅವನಿಗೆ ಮಕ್ಕಳಿಲ್ಲ. ಮದುವೆಯಾದ ವರ್ಷ ಪೇಟೆಯ ವಾದ್ಯದಂಗಡಿ ಮುಚ್ಚುವಾಗ ಗಿಟಾರಿನ ಧ್ವನಿ ಹಿಗ್ಗಿಸುವ ಒಂದು ಹಳೆಯ ಆಂಪ್ ತೆಗೆದುಕೊಂಡ. ಒಳಗೆ ಗಾಜಿನ ಟ್ಯೂಬುಗಳು ಕೆಂಪಗೆ ಬೆಳಗುವ, ಕಲ್ಲಿನಷ್ಟು ಭಾರದ ಪೆಟ್ಟಿಗೆ. ಕಾರು ಕೆಟ್ಟಿತ್ತು ಅಂತ ಅದನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದ. ಹಿಂದೆ ಅವನ ಹೆಂಡತಿ ಬರ್ನಡೀನ್ ಗಿಟಾರ್ ಹಿಡಿದುಕೊಂಡು ಬಂದಳು. ಆ ಮೆರವಣಿಗೆ ನೋಡಿ ಬೀದಿಯವರೆಲ್ಲ ನಕ್ಕಿದ್ದರು.

ಅವತ್ತಿನಿಂದ ವಾಸಿಲನ ದೇವರಮನೆ ಎಂದರೆ ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಜಾಡಿ ಇಡುವ ಕಿರುಕೋಣೆ. ಆಂಪನ್ನು ಅಲ್ಲಿಟ್ಟ. ಅದು ಗುಡುಗಿದಾಗ ಎಣ್ಣೆಯಲ್ಲಿ ಹಾಕಿದ ಮೆಣಸಿನಕಾಯಿ ಜಾಡಿಗಳೆಲ್ಲ ಹಲ್ಲು ಕಡಿಯುತ್ತಿದ್ದವು, ಹಾಗಾಗಿ ಒಂದೊಂದಕ್ಕೂ ತನ್ನ ಹಳೇ ಫ್ಲಾನೆಲ್ ಅಂಗಿ ಹರಿದು ಸುತ್ತಿದ. ಆಂಪಿನ ಮುಂದೆ ಗಿಡ್ಡ ಸ್ಟ್ಯಾಂಡಿನಲ್ಲಿ ಮೈಕು. ಅದು ಸ್ಪೀಕರಿನ ನಟ್ಟನಡುವೆ ನೋಡಬಾರದು, ಧ್ವನಿ ಚುಚ್ಚುತ್ತದೆ. ತೀರಾ ಅಂಚಿಗೆ ಹೋಗಬಾರದು, ಮಂಕಾಗುತ್ತದೆ. ಎರಡರ ನಡುವೆ ಅವನಿಗೆ ಮಾತ್ರ ಗೊತ್ತಿದ್ದ ಒಂದು ಜಾಗಕ್ಕೆ ಮೈಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ ಅರ್ಧ ದಿನ ಕಳೆಯುತ್ತಿದ್ದ. ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನುಡಿಸುತ್ತಿದ್ದ. ಆಂಪಿಗೂ ಮೈಕಿಗೂ ನಡುವೆ ಒಂದಿಷ್ಟು ಗಾಳಿ ಇರಬೇಕು, ಆ ಗಾಳಿ ಅಲುಗಾಡಿದರೇ ಸಂಗೀತ, ಉಳಿದದ್ದೆಲ್ಲ ಸುಳ್ಳು ಎನ್ನುವುದು ಅವನ ವೇದಾಂತ.

ಈ ವೇದಾಂತ ಒಮ್ಮೆ ಜಗಳಕ್ಕೂ ಬಂತು. ಚೆಟ್ ತನ್ನ ಅಣ್ಣನ ಮಗನನ್ನು ಅಭ್ಯಾಸಕ್ಕೆ ಕರೆತಂದಿದ್ದ. ಅವನ ಬಳಿ ಆಂಪೂ ಇಲ್ಲ, ಮೈಕೂ ಇಲ್ಲ. ಇಟ್ಟಿಗೆಯಷ್ಟು ಒಂದು ಡಬ್ಬಿ. ಅದಕ್ಕೆ ಗಿಟಾರ್ ಸಿಕ್ಕಿಸಿದರೆ ಬೇಕಾದ ಆಂಪಿನ ಧ್ವನಿ ತಾನೇ ಹುಟ್ಟಿಸಿಕೊಡುತ್ತಿತ್ತು. ವಾಸಿಲ್ ಕೆಂಡವಾದ. ಡಬ್ಬಿಯ ಧ್ವನಿಯನ್ನಾಗಲಿ ಬೇರೆಯವರ ನುಡಿತವನ್ನಾಗಲಿ ತನ್ನದೆಂದು ಕೊಡುವವನಿಗೆ ಈ ಬ್ಯಾಂಡಿನಲ್ಲಿ ಜಾಗವಿಲ್ಲವೆಂದು ಕಟ್ಟಳೆ ಮಾಡಿಸಿದ. ನಾವು ಮೂವರೂ ಕೈ ಎತ್ತಿದೆವು. ಚೆಟ್ ಕೊನೆಗೆ ಎತ್ತಿದ, ಅದೂ ಭುಜದವರೆಗೆ ಮಾತ್ರ.

ಈ ವರ್ಷ ಬ್ಯಾಂಡಿಗೆ ನಲವತ್ತು ತುಂಬಿತು. ನಮ್ಮ ಹಾಡುಗಳನ್ನೆಲ್ಲ ಒಂದು ಸೀಡಿ ಮಾಡಿ, ಈಸ್ಟರ್ ಕಳೆದ ಮೇಲೆ ಫೈರ್ ಹಾಲಿನಲ್ಲಿ ದೊಡ್ಡ ಕುಣಿತ ಇಟ್ಟು ಹಂಚುವುದೆಂದು ಚೆಟ್ ಅಪ್ಪಣೆ ಹೊರಡಿಸಿದ. ಒಬ್ಬೊಬ್ಬರೂ ಮನೆಯಲ್ಲೇ ತಮ್ಮ ಭಾಗ ನುಡಿಸಿ ಕಳಿಸಬೇಕು, ಚೆಟ್‌ನ ಅಳಿಯ ಅವನ್ನು ಕಂಪ್ಯೂಟರಿನಲ್ಲಿ ಹೊಂದಿಸುತ್ತಾನೆ. ಮೊದಲು ಅಕಾರ್ಡಿಯನ್, ಅದರ ಮೇಲೆ ಗಿಟಾರ್, ಕೊನೆಗೆ ನಾನು.

ವಾಸಿಲನ ಮೊದಲ ಹಾಡು ಬಂತು. ಗ್ಯಾರೇಜಿನಲ್ಲಿ ಡ್ರಮ್ಮಿನ ಮುಂದೆ ಕೂತು ಕೇಳಿದೆ. ನುಡಿತ ಚೆನ್ನಾಗಿತ್ತು. ಆಂಪೂ ಅವನದೇ, ಆ ಗಂಟಲನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲೆ. ಆದರೆ ವಾಸಿಲ್ ಎಲ್ಲಿ?

ಹೇಳುತ್ತೇನೆ. ವಾಸಿಲ್ ನುಡಿಸುವಾಗ ಗುನುಗುತ್ತಾನೆ. ಅದು ಹಾಡಲ್ಲ, ಮೂಗಿನಲ್ಲಿ ಹೊರಡುವ ಒಂದು ಗೊಗ್ಗರು ರಾಗ. ಅವನಿಗೆ ಅದರ ಅರಿವೇ ಇಲ್ಲ. ಆಂಪಿನ ಪಕ್ಕದಲ್ಲೇ ಕೂರುವುದರಿಂದ ಗಿಟಾರ್ ಸುಮ್ಮನಾದ ಸಂದುಗಳಲ್ಲೆಲ್ಲ ಮೈಕು ಆ ಗುನುಗನ್ನೂ ಹಿಡಿಯುತ್ತಿತ್ತು. ನಮ್ಮ ಹಳೆಯ ಕ್ಯಾಸೆಟ್ಟುಗಳಲ್ಲೂ ಅದಿದೆ. ಯಾವುದೋ ಮುದಿ ಬೆಕ್ಕು ಒಳಗೆ ಸೇರಿಕೊಂಡಿದೆ ಎಂದು ಚೆಟ್ ಬೈಯುತ್ತಿದ್ದ. ಈ ಹಾಡಿನಲ್ಲಿ ಬೆಕ್ಕು ಇರಲಿಲ್ಲ.

ಚೆಟ್‌ಗೆ ಖುಷಿಯೋ ಖುಷಿ, ಈ ವಯಸ್ಸಿಗೆ ಬಾಯಿ ಮುಚ್ಚುವುದನ್ನು ಕಲಿತ ಅಂದ. ನನಗೆ ಸಮಾಧಾನವಾಗಲಿಲ್ಲ. ಮರುದಿನ ನಾಯಿ ಅಡ್ಡಾಡಿಸುವ ನೆಪದಲ್ಲಿ ವಾಸಿಲನ ಮನೆ ಕಡೆ ಹೋದೆ. ಅವನು ಜಗಲಿಯ ಮೇಲೆ ಎಡಗೈ ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ಕೂತಿದ್ದ. ಒಳಗೆ ಬಾ ಅನ್ನಲಿಲ್ಲ. ಹಾಡಿನಲ್ಲಿ ನಿನ್ನ ಗುನುಗೇ ಇಲ್ಲವಲ್ಲ ಎಂದು ತಮಾಷೆಯಾಗಿ ಕೆಣಕಿದೆ. ಅವನ ಮುಖ ಒಂದು ಗಳಿಗೆ ಬಿಳಿಚಿಕೊಂಡದ್ದನ್ನು ಈ ಕಣ್ಣು ನೋಡಿತು.

"ಬಾಯಿ ತೆಗೆದ್ರೂ ಬೈತೀರಿ, ಮುಚ್ಚಿದ್ರೂ ಬೈತೀರಿ," ಅಂದ. "ನಿಮ್ಮನ್ನ ಮೆಚ್ಚಿಸೋಕೆ ನಮ್ಮಪ್ಪನ ಕೈಲೂ ಆಗಲ್ಲ."

ಬಾಗಿಲ ಜಾಲರಿಯ ಹಿಂದೆ ಬರ್ನಡೀನ್ ಬಂದು ನಿಂತಳು. ನಾವು ಕರೆಯುವುದು ಬರ್ನಿ ಎಂದು. ಎಂದೂ ಕಾಫಿ ಕೊಡದೆ ಕಳಿಸದವಳು, ಅವತ್ತು ನಾಯಿಗೆ ಚಳಿಯಾಗುತ್ತದೆ ನೋಡು ಅಂದಳು. ಹೊರಡು ಎಂದು ಇದಕ್ಕಿಂತ ಬಿಡಿಸಿ ಹೇಳಬೇಕೆ? ಹೋಗುವಾಗ ಮನೆಯ ಪಕ್ಕದ ನೆಲಮಾಳಿಗೆ ಬಾಗಿಲಿಗೆ ಹೊಸ ಬೀಗ ತೂಗುತ್ತಿದ್ದುದನ್ನೂ ಕಂಡೆ. ನನ್ನ ತಲೆಗೆ ಹುಳ ಹೊಕ್ಕಿತು.

ಎರಡನೆಯ ಹಾಡಿನಲ್ಲಿ ಗುನುಗು ಇತ್ತು. ಬೇಕಾದಷ್ಟು ಇತ್ತು. ನಾನು ಕೇಳಿದ ಮೇಲೆ ಬಂದ ಗುನುಗು! ಬಾಗಿಲಲ್ಲೇ ಎಲ್ಲ ಸರಿಯಾಗಿದೆ ಎನ್ನುವವರ ನೆನಪಾಯಿತು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಎಲ್ಲಿ ತಪ್ಪಿದೆಯೆಂದು ಕೊನೆಗೆ ಹೊಳೆಯಿತು.

ವಾಸಿಲನ ಗುನುಗು ಯಾವಾಗಲೂ ಗಿಟಾರಿಗಿಂತ ಮುಂದೆ. ಮೊದಲು ಮೂಗಿನಲ್ಲಿ ಸ್ವರ ಹುಟ್ಟುತ್ತದೆ, ಆಮೇಲೆ ಬೆರಳಿಗೆ ಇಳಿಯುತ್ತದೆ. ನನ್ನಂಥ ಡ್ರಮ್ಮಿನವನಿಗೆ ಅದೇ ಆಧಾರ. ನಲವತ್ತು ವರ್ಷ ಅವನು ಎತ್ತ ತಿರುಗುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಆ ಗುನುಗಿನಿಂದಲೇ ಮೊದಲೇ ತಿಳಿದು ಕೋಲು ಎತ್ತಿದವನು ನಾನು. ಈ ಹಾಡಿನಲ್ಲಿ ಗುನುಗು ಗಿಟಾರಿನ ಹಿಂದೆ ಬರುತ್ತಿತ್ತು. ದಾರಿ ಗೊತ್ತಿಲ್ಲದವನು ಮುಂದಿನವನ ಬೆನ್ನು ನೋಡಿಕೊಂಡು ನಡೆಯುವ ಹಾಗೆ. ಗುನುಗು ವಾಸಿಲನದೇ. ಗಿಟಾರ್ ನುಡಿಸಿದವರು ಬೇರೆ ಯಾರೋ.

ಯಾರು? ಚೆಟ್‌ಗೆ ಹೇಳಿಬಿಟ್ಟೆ. ಹೇಳಬಾರದಿತ್ತೇನೋ, ಆದರೆ ಗುನುಗು ಹಿಂದೆ ಬಿದ್ದದ್ದನ್ನು ಅವನ ಅಳಿಯನೂ ಕಂಪ್ಯೂಟರಿನಲ್ಲಿ ಕಂಡುಹಿಡಿದಿದ್ದ. ಚೆಟ್ ಬೇರೆಯೇ ಲೆಕ್ಕ ಹಾಕಿದ್ದ: ವಾಸಿಲ್ ಕದ್ದು ಡಬ್ಬಿ ಕೊಂಡಿದ್ದಾನೆ, ಯಂತ್ರದಿಂದ ನುಡಿಸಿ ಮೇಲೆ ಗುನುಗು ಅಂಟಿಸುತ್ತಿದ್ದಾನೆ. ಹೇಳುವಾಗ ಅವನ ದನಿಯಲ್ಲಿ ದುಃಖಕ್ಕಿಂತ ಹುರುಪು ಜಾಸ್ತಿ ಇತ್ತು. ಅಣ್ಣನ ಮಗನನ್ನು ಒಳಗೆ ತರಲು ಅವನು ವರ್ಷಗಳಿಂದ ಸಂದು ಹುಡುಕುತ್ತಿದ್ದನೆಂಬುದು ನನಗೆ ಹೊಸದಲ್ಲ. ಹಾಗಾಗಿ ವಾಸಿಲನ ಮೇಲೆ ಎಷ್ಟು ಅನುಮಾನವೋ ಚೆಟ್‌ನ ಮೇಲೂ ಅಷ್ಟೇ ಬಂತು.

"ಊರಿನ ನೆಲಮಾಳಿಗೆ ಎಲ್ಲಾ ಇಳಿದೋನು ನೀನು, ಇದನ್ನೂ ಒಂದ್ಸಲ ಇಳ್ಕೊಂಡು ಬಾ," ಅಂದ. "ಕಟ್ಟಳೆ ಮಾಡಿದ್ದು ಅವನೇ ಕಣೋ. ಅವನಿಗೊಂದು ನಮಗೊಂದು ಆಗಲ್ಲ."

ಅದು ನನಗೂ ಗೊತ್ತಿತ್ತು. ಕುಲುಮೆ ಹೋಯಿತು, ಶಾಲೆಯ ಕೆಲಸವೂ ಮುಗಿಯಿತು. ವಾಸಿಲ್ ಹೂಡಾಕ್ ಅಂದರೆ ಜನ ನೆನೆಸುವುದು ಕೆಂಪು ಜಾಕೆಟ್ ತೊಟ್ಟು ನನ್ನ ಬಲಕ್ಕೆ ನಿಂತ ಆ ಗಿಟಾರಿನವನನ್ನು. ಆ ಜಾಗ ತಪ್ಪಿದರೆ ಅವನಿಗೆ ನಿಲ್ಲಲು ಬೇರೆ ಜಾಗವಿಲ್ಲ.

ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಶುರುವಾಗಿತ್ತು. ಚರ್ಚಿನ ಕೆಳಗಿನ ಅಡುಗೆಮನೆಯಲ್ಲಿ ಹೆಂಗಸರು ಶುಕ್ರವಾರದ ಮೀನೂಟಕ್ಕೆ ಪಿರೋಗಿ ಮಾಡುತ್ತಿದ್ದರು. ಹಿಟ್ಟಿನ ಬಿಲ್ಲೆಯಲ್ಲಿ ಆಲೂಗಡ್ಡೆ ಇಟ್ಟು ಅಂಚು ಚಿವುಟಿ ಮುಚ್ಚುವ ಕೆಲಸ. ಹಿಟ್ಟಿನ ಮೂಟೆ ಇಳಿಸಿಕೊಡಲು ಹೋದ ನಾನು ಸುಮ್ಮನೆ ಬರ್ನಿಯ ಕೈ ನೋಡಿದೆ. ಈ ಬೀದಿಯಲ್ಲಿ ಉಗುರಿನ ಮೇಲೆ ಇಷ್ಟು ಮುತುವರ್ಜಿ ಇರುವ ಹೆಂಗಸು ಇನ್ನೊಬ್ಬಳಿಲ್ಲ. ಬಲಗೈಯ ಉಗುರಿಗೆ ಎಂದಿನ ಹವಳದ ಬಣ್ಣ ಇತ್ತು. ಎಡಗೈಯ ಉಗುರುಗಳನ್ನು ಬುಡಕ್ಕೆ ಕತ್ತರಿಸಿದ್ದಳು, ಬೆರಳ ತುದಿಗಳಿಗೆ ಪಟ್ಟಿ. ಏನಾಯಿತು ಅಂತ ಕೇಳಿದರೆ ಬಿಸಿ ಆಲೂಗಡ್ಡೆ ಅಂದಳು. ಬಿಸಿ ಆಲೂಗಡ್ಡೆ ಉಗುರು ಕತ್ತರಿಸುತ್ತದೆಯೆ? ಗಂಡನ ಎಡಗೈ ಜೇಬಿನಲ್ಲಿ, ಹೆಂಡತಿಯ ಎಡಗೈಗೆ ಪಟ್ಟಿ. ಇವರಿಬ್ಬರ ನಡುವೆ ಹೊಡೆದಾಟವೋ ಏನು ಕತೆಯೋ ಎಂದು ನಾನು ಎಲ್ಲೆಲ್ಲಿಗೋ ಹೋದೆ. ಇಷ್ಟು ವರ್ಷ ಕಂಡವರ ಮನೆ ಇಣುಕಿಯೂ ಕಣ್ಣೆದುರಿಗಿದ್ದದ್ದು ಕಾಣಲಿಲ್ಲ.

ಹಾಡುಗಳು ಬರುತ್ತಲೇ ಇದ್ದವು, ಎಲ್ಲದರಲ್ಲೂ ಆ ಹಿಂದೆ ಬೀಳುವ ಗುನುಗು. ಇನ್ನು ತಡೆಯಲಾಗದೆ ಒಂದು ಮಧ್ಯಾಹ್ನ ಕಂಪನಿಯ ಹಳೆಯ ಟೋಪಿ ಹಾಕಿಕೊಂಡು ಹೊರಟೆ. ಈ ಊರಿನಲ್ಲಿ ಯಾವ ಬಾಗಿಲನ್ನೂ ತೆರೆಸುವ ಮಾತೊಂದಿದೆ, ಅದು ನನಗೆ ಗೊತ್ತು: ಗ್ಯಾಸ್ ವಾಸನೆ ಬರುತ್ತಿದೆ.

ಮನೆಯ ಪಕ್ಕಕ್ಕೆ ಬಂದಾಗ ನೆಲಮಾಳಿಗೆಯ ಕಿಟಕಿಯಿಂದ ಗಿಟಾರ್ ಕೇಳಿಸುತ್ತಿತ್ತು. ನಾವು ಪ್ರತಿ ಮದುವೆಯಲ್ಲಿ ಕೊನೆಗೆ ನುಡಿಸುವ ನಿಧಾನದ ವಾಲ್ಟ್ಜ್. ನಡುವೆ ನಿಂತಿತು. ವಾಸಿಲನ ದನಿ ಬಂತು, ಅಲ್ಲಿ ಅವಸರ ಬೇಡ, ಅಕಾರ್ಡಿಯನ್ನಿಗೆ ಉಸಿರು ಬಿಡು ಅಂದ. ಮತ್ತೆ ಗಿಟಾರ್ ಅದೇ ಸಾಲನ್ನು ತೆಗೆದುಕೊಂಡಿತು. ಯಂತ್ರಕ್ಕೆ ಯಾರೂ ಹಾಗೆ ಹೇಳಿಕೊಡುವುದಿಲ್ಲ. ಬಾಗಿಲು ಬಡಿದು ನನ್ನ ಮಂತ್ರ ಹೇಳಿದೆ. ಒಳಗೆ ಗುಸುಗುಸು, ಏನೋ ಎಳೆದ ಸದ್ದು. ತಡ ಮಾಡಿದರೆ ಕಂಪನಿಗೆ ಫೋನ್ ಮಾಡಬೇಕಾಗುತ್ತದೆಂದು ಕೂಗಿದೆ. ವಾಸಿಲ್ ಮುಂಬಾಗಿಲಿಂದ ಸುತ್ತಿ ಬಂದು ಬೀಗ ತೆಗೆದ.

ಕಿರುಕೋಣೆಯಲ್ಲಿ ಆಂಪ್ ಬಿಸಿಯಾಗಿತ್ತು, ಟ್ಯೂಬುಗಳು ಬೆಳಗುತ್ತಿದ್ದವು. ಮೈಕು ತನ್ನ ಜಾಗದಲ್ಲಿತ್ತು. ಡಬ್ಬಿ ಎಲ್ಲೂ ಇಲ್ಲ. ಸ್ಟೂಲಿನ ಮೇಲೆ ಬರ್ನಿ ಕೂತಿದ್ದಳು. ಗಿಟಾರನ್ನು ಬಟ್ಟೆಯ ಬುಟ್ಟಿಯ ಹಿಂದೆ ತಳ್ಳಿದ್ದರು, ಅದರ ವೈರು ಇನ್ನೂ ಆಂಪಿನಲ್ಲೇ ಇತ್ತು. ಯಾರೂ ಮುಟ್ಟದಿದ್ದರೂ ಅದು ಸಣ್ಣಗೆ ಮೊರೆಯುತ್ತಿತ್ತು.

"ಗ್ಯಾಸ್ ವಾಸನೆ ಅಂತೆ," ಅಂದ ವಾಸಿಲ್. "ಈ ಮನೇಲಿ ನಾರ್ತಾ ಇರೋದು ನಿನ್ನ ಬುದ್ಧಿ."

ನನಗೂ ರೇಗಿತು. ಚೆಟ್ ಏನೇನು ಹೇಳುತ್ತಿದ್ದಾನೆಂದು ಎಲ್ಲವನ್ನೂ ಮುಖದ ಮೇಲೆ ಹೇಳಿಬಿಟ್ಟೆ. ಅವನು ಆಂಪಿನ ತಲೆಯ ಮೇಲೆ ಕೈ ಬಡಿದ.

"ನೋಡು. ಆಂಪ್ ಇದೆ, ಮೈಕ್ ಇದೆ, ನಡುವೆ ಗಾಳಿ ಇದೆ. ಎಲ್ಲಿದೆ ಮೆಷಿನ್? ಇವಳೇನು ಮೆಷಿನ್ನಾ?"

"ನುಡಿಸ್ತಿರೋದು ನೀನಲ್ವಲ್ಲ ವಾಸಿಲ್."

ಅವನು ಎಡಗೈ ಜೇಬಿನಿಂದ ತೆಗೆದ. ಉಂಗುರದ ಬೆರಳೂ ಕಿರುಬೆರಳೂ ಅಂಗೈಗೆ ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ಅಂಗೈಯ ಚರ್ಮದ ಕೆಳಗೆ ಹಗ್ಗದಂಥ ಗಂಟು. ಡಾಕ್ಟರು ಕೊಯ್ದರೂ ಗಿಟಾರಿಗೆ ಬೇಕಾದಷ್ಟು ಬಿಚ್ಚಿಕೊಳ್ಳುವ ಭರವಸೆ ಇಲ್ಲ ಅಂದಿದ್ದರಂತೆ. ನಾನು ಆ ಕೈ ನೋಡಲಾರದೆ ಜಾಡಿಗಳ ಕಡೆ ನೋಡಿದೆ.

ಆಮೇಲೆ ಬರ್ನಿ ಹೇಳಿದಳು. ಮೊದಲ ಹಾಡಿಗೆ ಕೂತ ದಿನ ವಾಸಿಲ್ ಮತ್ತೆ ಮತ್ತೆ ನುಡಿಸಿ, ಆಗದೆ, ಗಿಟಾರನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದ. ಒಗೆದ ಬಟ್ಟೆ ತರಲು ಇಳಿದ ಇವಳು ಗಿಟಾರ್ ಎತ್ತಿಕೊಂಡು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿಬಿಟ್ಟಳು. ಮರುದಿನ ಅವನೇ ಮೈಕು ಸರಿಸಿ ಇವಳನ್ನು ಸ್ಟೂಲಿನ ಮೇಲೆ ಕೂರಿಸಿದನಂತೆ. ಇವಳು ಕಲಿತದ್ದು ಅವನು ಪಾಳಿಗೆ ಹೋದಾಗ. ಆಂಪ್ ಹಚ್ಚುತ್ತಿರಲಿಲ್ಲ, ಬರೀ ತಂತಿಯ ಸದ್ದಿನಲ್ಲಿ, ಮದುವೆಯಾದ ಹೊಸದರಿಂದಲೂ. ವರ್ಷಗಟ್ಟಲೆ ಬಿಟ್ಟಿದ್ದಕ್ಕೆ ಬೆರಳು ಮೆತ್ತಗಾಗಿತ್ತು, ಈಗ ಹೊಸದಾಗಿ ಸುಲಿದಿದೆ ಅಂದಳು.

ಇಷ್ಟು ಕಾಲ ಬಚ್ಚಿಟ್ಟೆಯಲ್ಲ ಎಂದೆ.

"ಯಾರೂ ಕೇಳ್ಲಿಲ್ಲ ಸ್ಟುಶ್," ಅಂದಳು. "ನೀನು ತಿಂಗಳಾ ತಿಂಗಳಾ ಇಲ್ಲಿಗೇ ಬರ್ತಿದ್ದೆ. ಮೀಟರ್ ನೋಡ್ದೆ, ಹೋದೆ."

ವಾಸಿಲ್ ಒಂದು ಥರ ನಕ್ಕ. ತನ್ನ ಗಿಟಾರನ್ನು ಯಾರೋ ಮುಟ್ಟುತ್ತಾರೆಂದು ಅವನಿಗೆ ಮೊದಲಿನಿಂದಲೂ ಗುಮಾನಿಯಿತ್ತಂತೆ. ತಂತಿ ಸಡಿಲ, ಮೀಟುವ ಪಿಕ್ ಇಟ್ಟ ಜಾಗದಲ್ಲಿಲ್ಲ. ಹೊರಗಿನವರು ಅಂತ ನೆಲಮಾಳಿಗೆಗೆ ಇಳಿಯುತ್ತಿದ್ದವನು ನಾನೊಬ್ಬನೇ. ಹಾಗಾಗಿ ನಾನು ಬಂದಾಗಲೆಲ್ಲ ಮನೆಯಲ್ಲಿದ್ದರೆ ಅವನು ಹಿಂದೆಯೇ ಇಳಿದು ಕೈಕಟ್ಟಿ ನಿಲ್ಲುತ್ತಿದ್ದ. ಅವನು ಹಾಗೆ ನಿಲ್ಲುವುದನ್ನು ಕಂಡು ಗ್ಯಾಸ್ ಕದಿಯುತ್ತಿದ್ದಾನೆಂದು ನಾನು ಅವನ ಕೊಳವೆಗಳನ್ನು ಎಲ್ಲರಿಗಿಂತ ಜಾಸ್ತಿ ತಡಕಿ ನೋಡುತ್ತಿದ್ದೆ. ನಾನು ಅದನ್ನು ಒಪ್ಪಿಕೊಂಡಾಗ ಬರ್ನಿ ಬುಟ್ಟಿಯ ಬಟ್ಟೆಯಲ್ಲಿ ಮುಖ ಒರೆಸಿಕೊಂಡಳು. ನಕ್ಕದ್ದೋ ಅತ್ತದ್ದೋ ತಿಳಿಯಲಿಲ್ಲ.

ಹೊರಡುವಾಗ ವಾಸಿಲ್ ನನ್ನ ತೋಳು ಹಿಡಿದುಕೊಂಡ. ಈ ನಲವತ್ತು ವರ್ಷದಲ್ಲಿ ಅವನು ನನ್ನನ್ನು ಏನೂ ಕೇಳಿದವನಲ್ಲ.

"ಚೆಟ್‌ಗೆ ಹೇಳ್ಬೇಡ ಕಣೋ. ಸೀಡಿ ಒಂದು ಆಗಲಿ. ಗಿಟಾರ್ ಹೋದ್ಮೇಲೆ ನಾನು ಯಾರು ಹೇಳು? ಬಾಯ್ಲರ್ ಒರೆಸ್ತಿದ್ದೋನು."

ಮಾತು ಕೊಡಲಾಗಲಿಲ್ಲ. ಚೆಟ್ ಸುಮ್ಮನೆ ಬಿಡುವವನಲ್ಲ, ಅವನ ಬಾಯಿಂದ ಊರಿಗೆ ತಿಳಿಯುವ ಮೊದಲು ನೀನೇ ಹೇಳಿಬಿಡುವುದು ಒಳ್ಳೆಯದು ಎಂದಷ್ಟೇ ಹೇಳಿ ಬಂದೆ. ಗುಡ್ಡ ಇಳಿಯುವಾಗ ನನ್ನ ಮೇಲೇ ನನಗೆ ಅಸಹ್ಯವಾಯಿತು. ಬಾಗಿಲು ಬಡಿಯದೆ ಇದ್ದಿದ್ದರೆ ಇನ್ನೊಂದಿಷ್ಟು ದಿನ ನೆಮ್ಮದಿಯಾಗಿರುತ್ತಿದ್ದರು.

ಚೆಟ್ ಬಿಡಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಹೂಡಾಕರ ಮನೆಯಲ್ಲೇ ಸೇರೋಣ ಅಂದ. ಡಬ್ಬಿ ಅಲ್ಲೇ ಸಿಕ್ಕಿಬೀಳಲಿ ಎಂಬ ಹಂಚಿಕೆ. ನಾನು ಅಲ್ಲಿ ಏನು ನೋಡಿದೆನೆಂದು ಅವನು ಕೇಳಿದಾಗ, ವಾಸಿಲನ ಮನೆಯಲ್ಲಿ ವಾಸಿಲನನ್ನೇ ಕೇಳು ಅಂದೆ. ಚೆಟ್ ನನ್ನನ್ನೂ ಅನುಮಾನದಿಂದ ನೋಡತೊಡಗಿದ. ಅಡುಗೆಮನೆಯ ಮೇಜಿನ ಸುತ್ತ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಬರ್ನಿ ತೆಳ್ಳಗೆ ಕೊಯ್ದ ಹ್ಯಾಮನ್ನು ಸಾಸಿನಲ್ಲಿ ಕುದಿಸಿ ಬನ್ನಿನಲ್ಲಿಟ್ಟು ತಂದಿಟ್ಟಳು. ಬೇಸಿನವನು ಮಾತ್ರ ತಿಂದ.

ಚೆಟ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಾಸಿಲ್ ಎದ್ದು ನಿಂತು ಎಡಗೈಯನ್ನು ಮೇಜಿನ ಮೇಲೆ ಇಟ್ಟ. ಈ ಕೈ ಇನ್ನು ನುಡಿಸುವುದಿಲ್ಲ, ಇದುವರೆಗೆ ಕಳಿಸಿದ್ದರಲ್ಲಿ ಒಂದೂ ತನ್ನದಲ್ಲ, ಕಟ್ಟಳೆ ಮಾಡಿದವನು ತಾನೇ, ಅದರ ಪ್ರಕಾರ ತನಗೆ ಜಾಗವಿಲ್ಲ ಅಂದ. ಒಂದೇ ಉಸಿರಿಗೆ ಹೇಳಿ ಕೂತ. ಯಾರು ನುಡಿಸಿದ್ದೆಂದು ಹೇಳಲಿಲ್ಲ.

ಚೆಟ್‌ಗೆ ನಿಜವಾಗಿಯೂ ಬೇಜಾರಾಯಿತು, ಅದನ್ನು ಅಲ್ಲಗಳೆಯಲಾರೆ. ಟೋಪಿ ತೆಗೆದು, ಆ ಕೈಯ ಮೇಲೆ ತನ್ನ ಕೈ ಇಟ್ಟ. ಆಮೇಲೆ, ಆಗಬೇಕಾದ್ದು ಆಗಲೇಬೇಕಲ್ಲ, ಮಂಗಳವಾರದಿಂದ ಅಣ್ಣನ ಮಗನಿಗೆ ಬರಹೇಳುತ್ತೇನೆ, ಖಾಲಿ ಜಾಗ ಇಟ್ಟುಕೊಂಡು ಫೈರ್ ಹಾಲಿಗೆ ಹೋಗಲಾಗುವುದಿಲ್ಲ ಎಂದ.

ಒಲೆಯ ಹತ್ತಿರ ನಿಂತಿದ್ದ ಬರ್ನಿ ಪಾತ್ರೆ ಕೆಳಗಿಟ್ಟಳು.

"ಜಾಗ ಖಾಲಿ ಇಲ್ಲ ಚೆಟ್," ಅಂದಳು. "ಅದೆಲ್ಲಾ ನುಡಿಸಿದ್ದು ನಾನು."

ಚೆಟ್ ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿದ, ವಾಸಿಲನ ಮುಖ ನೋಡಿದ, ಅವಳ ಎಡಗೈಯ ಪಟ್ಟಿಗಳನ್ನು ನೋಡಿದ. ನಗು ಇಳಿಯಿತು. ನಾವು ನಾಲ್ವರು ಗಂಡಸರು, ಜನ ಏನೆಂದುಕೊಳ್ಳುತ್ತಾರೆ ಎಂದೇನೋ ತೊದಲಿದ.

"ಜನ ಏನೂ ಅಂದ್ಕೊಳ್ಳಲ್ಲ. ನಿಮ್ಮ ನಾಲ್ಕು ಜಾಕೆಟ್ಟೂ ಇಸ್ತ್ರಿ ಮಾಡೋಳು ನಾನೇ ಅಂತ ಜನಕ್ಕೆ ಗೊತ್ತು."

ಆಗ ಬೇಸಿನವನು ಬನ್ ಕೆಳಗಿಟ್ಟು ಬಾಯಿ ಒರೆಸಿಕೊಂಡು, "ಚೆನ್ನಾಗಿ ನುಡಿಸ್ತಾಳೆ," ಅಂದ. ಇನ್ನೊಂದು ಬನ್ ತೆಗೆದುಕೊಂಡ.

ಎಲ್ಲರೂ ವಾಸಿಲನ ಕಡೆ ತಿರುಗಿದೆವು. ಅವನು ಬರ್ನಿಯನ್ನೇ ನೋಡುತ್ತಿದ್ದ. ತನ್ನ ಹೆಸರು ಉಳಿಸಲು ಕದ್ದು ನುಡಿಸುತ್ತಿದ್ದಾಳೆ ಎಂದುಕೊಂಡಿದ್ದ ಹೆಂಡತಿಗೆ ಆ ಜಾಗವೇ ಬೇಕಾಗಿತ್ತೆಂದು ಅವನಿಗೂ ಆಗಲೇ ತಿಳಿದದ್ದಿರಬೇಕು. ಅವನು ಸಿಟ್ಟಾದರೆ ಎಲ್ಲ ಮುಗಿಯುತ್ತದೆಂದು ನಾನು ಮೇಜಿನ ಅಂಚು ಹಿಡಿದು ಕೂತಿದ್ದೆ. ಹೊರಗೆ ಯಾರದೋ ಕಾರು ಗುಡ್ಡ ಹತ್ತಲಾರದೆ ಗೇರು ಬದಲಿಸಿತು.

"ನುಡಿಸಿದೋರ ಹೆಸರು ಹಾಕು ಚೆಟ್," ಅಂದ ಕೊನೆಗೆ. "ಅದೇ ಕಟ್ಟಳೆ."

ಹಾಗೆ ಹೇಳಿ ನೆಲಮಾಳಿಗೆಗೆ ಇಳಿದುಹೋದ. ನಾವು ಕಾದೆವು, ಅವನು ಮೇಲೆ ಬರಲಿಲ್ಲ. ಬರ್ನಿಯೇ ನಮ್ಮನ್ನು ಕಳಿಸಿಕೊಟ್ಟಳು.

ಕುಣಿತದ ದಿನ ಫೈರ್ ಹಾಲ್ ತುಂಬಿತ್ತು. ವಾಸಿಲ್ ಬರುವನೋ ಇಲ್ಲವೋ ಎಂದು ನನಗೆ ಕೊನೆಯವರೆಗೂ ಅನುಮಾನ. ಬಂದ. ಆಂಪನ್ನು ಯಾರಿಗೂ ಮುಟ್ಟಗೊಡದೆ ತಾನೇ ಒಳಗೆ ತಂದು, ಅದರ ಮುಂದೆ ಮೊಣಕಾಲೂರಿ, ಮೂರು ಬೆರಳಿನ ಕೈಯಿಂದ ಮೈಕನ್ನು ಬಹಳ ಹೊತ್ತು ಸರಿಸಿದ. ಎದ್ದ. ಬರ್ನಿ ಅವನ ಕೆಂಪು ಜಾಕೆಟ್ಟನ್ನೇ ತೋಳು ಮಡಚಿ ಹೊಲಿದು ತೊಟ್ಟು ಬಂದಿದ್ದಳು. ಅವನು ವೇದಿಕೆಯ ಮೆಟ್ಟಿಲಿಳಿದು ಹೋಗಿ, ಗೋಡೆಯ ಬದಿಯ ಮಡಚು ಕುರ್ಚಿಗಳಲ್ಲಿ, ಬ್ಯಾಂಡಿನವರ ಹೆಂಡತಿಯರ ಸಾಲಿನಲ್ಲಿ, ನನ್ನ ಹೆಂಡತಿಯ ಪಕ್ಕ ಕೂತ.

ಮೊದಲ ಸುತ್ತು ನುಡಿಸಿದೆವು. ಜನ ಮೊದಲು ಬೆರಳು ತೋರಿಸಿದರು, ಆಮೇಲೆ ಕುಣಿದರು. ನಾನು ಕುಣಿಯುವವರನ್ನು ನೋಡಲಿಲ್ಲ, ಅವನನ್ನೇ ನೋಡುತ್ತಿದ್ದೆ. ನಲವತ್ತು ವರ್ಷದಲ್ಲಿ ನಮ್ಮ ಬ್ಯಾಂಡನ್ನು ಎದುರಿಗೆ ಕೂತು ಅವನು ಕೇಳಿದ್ದು ಅದೇ ಮೊದಲು. ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಹಾಡು ಮುಗಿದು ಚಪ್ಪಾಳೆ ಬಿದ್ದಾಗಲೂ ಅವನ ಕೈ ಅಲುಗಲಿಲ್ಲ.

ವಿರಾಮದಲ್ಲಿ ಎದ್ದು ನೇರ ನಮ್ಮ ಕಡೆಯೇ ಬಂದ. ದಾರಿಯಲ್ಲಿ ಯಾರೋ ಮಾತಾಡಿಸಿದರು, ನಿಲ್ಲಲಿಲ್ಲ. ಮುಖ ಗಂಟಿಕ್ಕಿತ್ತು. ಬರ್ನಿಗೋ ಚೆಟ್‌ಗೋ ಇವತ್ತು ಕಾದಿದೆ ಎಂದುಕೊಂಡೆ. ಅವನು ಇಬ್ಬರನ್ನೂ ದಾಟಿ ನನ್ನ ಡ್ರಮ್ಮಿನ ಮುಂದೆ ಬಂದು ನಿಂತ.

"ನಿಂದು ಭಾರಿ ಜೋರಾಯ್ತು ಕಣೋ," ಅಂದ. "ಅವಳದು ಅಲ್ಲಿಗೆ ಕೇಳಿಸ್ತಾನೇ ಇಲ್ಲ."

ಮುಂದಿನ ಹಾಡಿಗೆ ನಾನು ಕೋಲು ಕೆಳಗಿಟ್ಟು, ಮೆತ್ತಗೆ ಬಾರಿಸುವ ತಂತಿ ಬ್ರಷ್ ತೆಗೆದುಕೊಂಡೆ.